ಪಾಲು ಕೊಟ್ಟು ಬೀದಿಗೆ ಬಿದ್ದ ರಾಜ, ಅವನನ್ನು 75ನೇ ವಯಸ್ಸಲ್ಲಿ ಟೀವಿಗೆ ತಂದ ನಟ: ಲಾರೆನ್ಸ್ ಒಲಿವಿಯರ್ ಬದುಕಿನ ಕಥೆ

ಅಪ್ಪ ಬದುಕಿರುವಾಗಲೇ ಆಸ್ತಿ ಪಾಲು ಮಾಡಿಕೊಡಬೇಕಾ, ಬೇಡವಾ? ಊರಿನ ಜಗಲಿ ಕಟ್ಟೆಯಿಂದ ಹಿಡಿದು ಸಬ್ ರಿಜಿಸ್ಟ್ರಾರ್ ಆಫೀಸಿನ ಮೆಟ್ಟಿಲವರೆಗೂ ದಿನಾ ಕೇಳಿಬರೋ ಪ್ರಶ್ನೆ ಇದು. ನಾನೂರು ವರ್ಷಕ್ಕೂ ಹಿಂದೆ ಇಂಗ್ಲೆಂಡಿನ ಶೇಕ್ಸ್‌ಪಿಯರ್ ಇದೇ ಪ್ರಶ್ನೆ ಇಟ್ಟುಕೊಂಡು ಒಂದು ದುರಂತ ನಾಟಕ ಬರೆದ. ಅದರ ಹೆಸರು ಕಿಂಗ್ ಲಿಯರ್. ನಮ್ಮ ಮಾಸ್ತಿ ವೆಂಕಟೇಶ ಅಯ್ಯಂಗಾರರು ಅದನ್ನ ಲಿಯರ್ ಮಹಾರಾಜ ಅಂತ ಕನ್ನಡಕ್ಕೆ ತಂದಿದ್ದಾರೆ.

ಕಥೆ ಕೇಳಿದರೆ ನಮ್ಮೂರಿನದೇ ಅನ್ನಿಸುತ್ತೆ. ವಯಸ್ಸಾದ ರಾಜನಿಗೆ ಮೂರು ಹೆಣ್ಣುಮಕ್ಕಳು. ರಾಜ್ಯ ಹಂಚೋ ದಿನ, ಯಾರಿಗೆ ನನ್ನ ಮೇಲೆ ಎಷ್ಟು ಪ್ರೀತಿ ಇದೆ ಹೇಳಿ ಅಂತ ಕೇಳ್ತಾನೆ. ದೊಡ್ಡವಳು ಗಾನೆರಿಲ್, ನಡುವಿನವಳು ರೀಗನ್, ಇಬ್ಬರೂ ಬಾಯಿತುಂಬಾ ಹೊಗಳಿ ಅರ್ಧರ್ಧ ರಾಜ್ಯ ಹೊಡೆದುಕೊಳ್ತಾರೆ. ಚಿಕ್ಕವಳು ಕೊರ್ಡೀಲಿಯಾ ಮಗಳಾಗಿ ಎಷ್ಟು ಪ್ರೀತಿಸಬೇಕೋ ಅಷ್ಟು ಪ್ರೀತಿಸ್ತೀನಿ ಅಂತಾಳೆ, ಅಷ್ಟೇ. ಅಪ್ಪನಿಗೆ ಸಿಟ್ಟು ನೆತ್ತಿಗೇರುತ್ತೆ. ಅವಳನ್ನ ಬರಿಗೈಲಿ ಕಳಿಸಿಬಿಡ್ತಾನೆ. ತಾನು ನೂರು ಜನ ಪರಿವಾರ ಇಟ್ಟುಕೊಂಡು, ಒಂದೊಂದು ತಿಂಗಳು ಒಬ್ಬೊಬ್ಬ ಮಗಳ ಮನೇಲಿ ಇರೋದು ಅಂತ ಕರಾರು ಮಾಡಿಕೊಳ್ತಾನೆ. ಆಮೇಲೆ ಶುರುವಾಗುತ್ತೆ ನೋಡಿ. ನೂರು ಜನ ಯಾಕೆ, ಐವತ್ತು ಸಾಕು. ಐವತ್ತು ಯಾಕೆ, ಇಪ್ಪತ್ತೈದು ಸಾಕು. ಕೊನೆಗೆ ಒಬ್ಬ ಆಳಾದರೂ ಯಾಕೆ ಅನ್ನೋ ಹಂತಕ್ಕೆ ಬಂದಾಗ ಮುದುಕ ರಾಜ ಬಿರುಗಾಳಿ ಮಳೆಗೆ ಮನೆ ಬಿಟ್ಟು ಹೊರಡ್ತಾನೆ. ತಲೆ ಕೆಡುತ್ತೆ. ಕೈಬಿಟ್ಟ ಮಗಳೇ ವಾಪಸ್ ಬಂದು ನೋಡಿಕೊಳ್ತಾಳೆ. ಆದರೆ ಅವಳನ್ನ ಸೆರೆಮನೇಲಿ ನೇಣಿಗೆ ಹಾಕ್ತಾರೆ. ಅವಳ ಹೆಣ ಎತ್ತಿಕೊಂಡು ಬಂದ ಅಪ್ಪ ಅಲ್ಲೇ ಪ್ರಾಣ ಬಿಡ್ತಾನೆ.

ಈ ಪಾತ್ರವನ್ನ 75ರ ವಯಸ್ಸಲ್ಲಿ, ಮೈ ಪೂರ್ತಿ ಸೋತಿದ್ದಾಗ ಟೀವಿ ಕ್ಯಾಮೆರಾ ಮುಂದೆ ಮಾಡಿ ತೋರಿಸಿದವರು ಲಾರೆನ್ಸ್ ಒಲಿವಿಯರ್. 20ನೇ ಶತಮಾನದ ಇಂಗ್ಲಿಷ್ ರಂಗಭೂಮಿಯ ಅತಿ ದೊಡ್ಡ ಹೆಸರುಗಳಲ್ಲಿ ಒಬ್ಬರು. ವಿಚಿತ್ರ ಅಂದ್ರೆ, ಲಿಯರ್ ರಾಜ ಕಂಡಿದ್ದರಲ್ಲಿ ಎಷ್ಟೋ ಭಾಗ ಅಷ್ಟು ಹೊತ್ತಿಗೆ ಅವರೇ ಕಂಡಾಗಿತ್ತು.

ಪಾದ್ರಿ ಮನೆಯ ಹುಡುಗ

ಒಲಿವಿಯರ್ ಹುಟ್ಟಿದ್ದು 1907ರ ಮೇ 22ರಂದು, ಇಂಗ್ಲೆಂಡಿನ ಸರ್ರೆ ಪ್ರಾಂತ್ಯದ ಡಾರ್ಕಿಂಗ್ ಅನ್ನೋ ಪಟ್ಟಣದಲ್ಲಿ. ಅಪ್ಪ ಚರ್ಚ್ ಪಾದ್ರಿ. ಮೂರು ಮಕ್ಕಳಲ್ಲಿ ಇವರೇ ಕಿರಿಯರು. ಅಪ್ಪ ಕಟ್ಟುನಿಟ್ಟು, ದುಡ್ಡಿನ ವಿಷಯದಲ್ಲಂತೂ ಬಲು ಬಿಗಿ. ಹುಡುಗನಿಗೆ ಎಲ್ಲಾ ಅಮ್ಮನೇ. ಆ ಅಮ್ಮ 1920ರಲ್ಲಿ ತೀರಿಕೊಂಡರು. ಹುಡುಗನಿಗೆ ಆಗ ಹನ್ನೆರಡು ವರ್ಷ.

ಲಂಡನ್ನಿನ ಚರ್ಚ್ ಶಾಲೆಯೊಂದರಲ್ಲಿ ಓದು, ಹಾಡು, ನಾಟಕ ಮೂರೂ ಒಟ್ಟಿಗೆ ನಡೆದವು. ಹತ್ತು ವರ್ಷದವನಿದ್ದಾಗಲೇ ಜೂಲಿಯಸ್ ಸೀಸರ್ ನಾಟಕದ ಬ್ರೂಟಸ್ ಪಾತ್ರ ಸಿಕ್ಕಿತು. ನೋಡೋಕೆ ಬಂದವರಲ್ಲಿ ಆ ಕಾಲದ ಹೆಸರಾಂತ ನಟಿ ಎಲೆನ್ ಟೆರಿ ಕೂಡ ಇದ್ದರು. ಹುಡುಗ ಆಗಲೇ ನಟ ಅನ್ನೋದು ಅವರ ಕಣ್ಣಿಗೆ ಬಿತ್ತು.

1924ರಲ್ಲಿ ಅಣ್ಣ ರಬ್ಬರ್ ತೋಟದ ಕೆಲಸಕ್ಕೆ ಅಂತ ಇಂಡಿಯಾಕ್ಕೆ ಹೊರಟ. ತಮ್ಮನಿಗೆ ಮನೆ ಖಾಲಿ ಖಾಲಿ ಅನ್ನಿಸಿ, ನಾನೂ ಯಾವಾಗ ಹೋಗಲಿ ಅಂತ ಅಪ್ಪನ ಹತ್ರ ಕೇಳಿದ. ನೀನು ಇಂಡಿಯಾಕ್ಕೆ ಹೋಗೋದು ಬೇಡ, ನಾಟಕಕ್ಕೆ ಸೇರು ಅಂದರು ಪಾದ್ರಿ ಅಪ್ಪ. ಮಗ ನಾಟಕ ಅಂದ್ರೆ ಹೊಡೆಯೋಕೆ ಬರೋ ಅಪ್ಪಂದಿರೇ ಜಾಸ್ತಿ ಇದ್ದ ಕಾಲ. ಈ ಅಪ್ಪ ಉಲ್ಟಾ. ಆದರೆ ಫೀಸು ಕಟ್ಟೋಕೆ ಮಾತ್ರ ತಯಾರಿರಲಿಲ್ಲ. ಶಿಷ್ಯವೇತನ ಸಿಕ್ಕರೆ ಮಾತ್ರ ಹೋಗಬಹುದಿತ್ತು. ಹುಡುಗ ಅದನ್ನೂ ಗಿಟ್ಟಿಸಿಕೊಂಡು ಲಂಡನ್ನಿನ ಸೆಂಟ್ರಲ್ ಸ್ಕೂಲಿನಲ್ಲಿ ನಾಟಕ ಕಲಿತ.

ಬೈಗುಳ ತಿಂದೇ ಬೆಳೆದ ನಟ

ಆರಂಭದ ದಿನಗಳು ಸುಲಭ ಇರಲಿಲ್ಲ. 1926ರಲ್ಲಿ ಬರ್ಮಿಂಗ್‌ಹ್ಯಾಮ್ ರೆಪರ್ಟರಿ ಕಂಪನಿ ಸೇರಿ ಸಣ್ಣಪುಟ್ಟ ಪಾತ್ರ ಮಾಡಿದರು. 1930ರಲ್ಲಿ ನೋಯೆಲ್ ಕವರ್ಡ್ ಬರೆದ ಪ್ರೈವೇಟ್ ಲೈವ್ಸ್ ನಾಟಕದಿಂದ ಹೆಸರು ಬಂತು. ಅದೇ ವರ್ಷ ನಟಿ ಜಿಲ್ ಎಸ್ಮಂಡ್ ಜೊತೆ ಮದುವೆ. ಮುಂದೆ ಟಾರ್ಕ್ವಿನ್ ಅನ್ನೋ ಮಗ ಹುಟ್ಟಿದ.

1935ರಲ್ಲಿ ಲಂಡನ್ನಿನ ನ್ಯೂ ಥಿಯೇಟರಿನಲ್ಲಿ ರೋಮಿಯೋ ಜೂಲಿಯೆಟ್. ಜಾನ್ ಗೀಲ್ಗುಡ್ ಮತ್ತು ಒಲಿವಿಯರ್ ಇಬ್ಬರೂ ರೋಮಿಯೋ, ಮರ್ಕ್ಯೂಶಿಯೋ ಪಾತ್ರಗಳನ್ನ ಅದಲು ಬದಲು ಮಾಡಿಕೊಂಡು ಆಡಿದರು. ಗೀಲ್ಗುಡ್ ಪದ್ಯವನ್ನ ಸಂಗೀತದ ಹಾಗೆ ಹೇಳೋರು. ಒಲಿವಿಯರ್ ಮಾತಾಡೋ ಹಾಗೆ ಹೇಳಿದರು. ವಿಮರ್ಶಕರು ಇವರಿಗೆ ಪದ್ಯ ಹೇಳೋಕೆ ಬರಲ್ಲ ಅಂತ ಜಾಡಿಸಿದರು. ಒಲಿವಿಯರ್ ತಮ್ಮ ದಾರಿ ಬಿಡಲಿಲ್ಲ. ಪಾತ್ರ ಹಾಡಬಾರದು, ಬದುಕಿರೋ ಮನುಷ್ಯನಂತೆ ಮಾತಾಡಬೇಕು ಅನ್ನೋದು ಅವರ ಹಟ. ಈ ಹಟವೇ ಮುಂದೆ ಕ್ಯಾಮೆರಾ ಮುಂದೆ ಕೈ ಹಿಡೀತು.

1937ರಲ್ಲಿ ಓಲ್ಡ್ ವಿಕ್ ಕಂಪನಿಯಲ್ಲಿ ಹ್ಯಾಮ್ಲೆಟ್. ಅದೇ ವರ್ಷ ಆ ನಾಟಕವನ್ನ ಕಥೆ ನಡೆಯೋ ಜಾಗವಾದ ಡೆನ್ಮಾರ್ಕಿನ ಎಲ್ಸಿನೋರ್ ಕೋಟೆಯಲ್ಲೇ ಆಡೋಕೆ ಹೊರಟರು. ಮಳೆ ಹಿಡೀತು. ತಂಡ ಹತ್ತಿರದ ಹೋಟೆಲಿನ ಹಾಲಿಗೆ ಓಡಿ ಅಲ್ಲೇ ನಾಟಕ ಆಡಿತು. ಅಲ್ಲಿ ಒಫೀಲಿಯಾ ಪಾತ್ರ ಮಾಡಿದ್ದು ವಿವಿಯನ್ ಲೀ. ಇವರು ಹುಟ್ಟಿದ್ದು ನಮ್ಮ ದೇಶದ ಡಾರ್ಜಿಲಿಂಗ್‌ನಲ್ಲಿ. ಇಬ್ಬರಿಗೂ ಬೇರೆ ಬೇರೆ ಸಂಸಾರ ಇತ್ತು. ಎರಡೂ ಮುರಿದು 1940ರಲ್ಲಿ ಅಮೆರಿಕದಲ್ಲಿ ಮದುವೆಯಾದರು. ಅದೇ ವರ್ಷ ಇಬ್ಬರೂ ಕೂಡಿಟ್ಟ ದುಡ್ಡು ಹಾಕಿ ನ್ಯೂಯಾರ್ಕಿನಲ್ಲಿ ರೋಮಿಯೋ ಜೂಲಿಯೆಟ್ ಮಾಡಿದರು. ನಾಟಕ ನೆಲಕಚ್ಚಿತು, ಉಳಿತಾಯ ಪೂರ್ತಿ ಮುಳುಗಿತು.

ಸಿನಿಮಾ ಬಗ್ಗೆ ಒಲಿವಿಯರ್‌ಗೆ ಮೊದಲು ಗೌರವ ಇರಲಿಲ್ಲ. ಆ ಬುದ್ಧಿ ಬದಲಿಸಿದ್ದು 1939ರ ವದರಿಂಗ್ ಹೈಟ್ಸ್ ಚಿತ್ರದ ನಿರ್ದೇಶಕ ವಿಲಿಯಂ ವೈಲರ್. ಸಾವಿರ ಜನಕ್ಕೆ ಕೂಗಿ ಹೇಳೋ ನಟನೆಯನ್ನ ಎರಡು ಅಡಿ ದೂರದ ಕ್ಯಾಮೆರಾ ಮುಂದೆ ಮಾಡಿದರೆ ಸುಳ್ಳಾಗಿ ಕಾಣುತ್ತೆ ಅನ್ನೋದನ್ನ ವೈಲರ್ ಅರ್ಥ ಮಾಡಿಸಿದರು. ಅಹಂಕಾರಕ್ಕೆ ಪೆಟ್ಟು ಬಿತ್ತು, ಆದರೆ ಪಾಠ ತಲೆಗೆ ಹತ್ತಿತು.

ಶೇಕ್ಸ್‌ಪಿಯರ್‌ನನ್ನು ಸಿನಿಮಾಕ್ಕೆ ತಂದವರು

ಎರಡನೇ ಮಹಾಯುದ್ಧದಲ್ಲಿ ನೌಕಾಪಡೆಯ ವಿಮಾನ ವಿಭಾಗ ಸೇರಿದ ಒಲಿವಿಯರ್, 1944ರಲ್ಲಿ ಹೆನ್ರಿ 5 ಚಿತ್ರ ಮಾಡಿದರು. ನಿರ್ದೇಶನವೂ ಅವರದ್ದೇ, ನಾಯಕನೂ ಅವರೇ. ಯುದ್ಧದ ಸೀನುಗಳನ್ನ ಐರ್ಲೆಂಡಿನಲ್ಲಿ ತೆಗೆದರು. 1947ರಲ್ಲಿ ಸರ್ ಪದವಿ ಬಂತು. 1948ರ ಹ್ಯಾಮ್ಲೆಟ್ ಚಿತ್ರಕ್ಕೆ ಅತ್ಯುತ್ತಮ ಚಿತ್ರ ಮತ್ತು ಅತ್ಯುತ್ತಮ ನಟ ಎರಡೂ ಆಸ್ಕರ್ ಸಿಕ್ಕವು. ಅಮೆರಿಕದ್ದಲ್ಲದ ಚಿತ್ರವೊಂದು ಅತ್ಯುತ್ತಮ ಚಿತ್ರದ ಆಸ್ಕರ್ ಗೆದ್ದಿದ್ದು ಅದೇ ಮೊದಲು. (ಇದೇ ಹ್ಯಾಮ್ಲೆಟ್ ಕಥೆಯನ್ನ ಕುವೆಂಪು ಅವರು ರಕ್ತಾಕ್ಷಿ ಅಂತ ನಮ್ಮ ನೆಲಕ್ಕೆ ಒಗ್ಗಿಸಿ ನಾಟಕ ಮಾಡಿದ್ದು ಓದುಗರಿಗೆ ನೆನಪಿರಬಹುದು.)

ಈ ನಡುವೆ 1946ರಲ್ಲಿ ನ್ಯೂ ಥಿಯೇಟರಿನಲ್ಲಿ ಲಿಯರ್ ಪಾತ್ರವನ್ನೂ ಹಾಕಿದ್ದರು. ಆಗ ಅವರಿಗೆ 39 ವರ್ಷ. ಗಡ್ಡ ಅಂಟಿಸಿಕೊಂಡು ಮುದುಕನಾಗಿದ್ದರು. ವಿದೂಷಕನ ಪಾತ್ರಕ್ಕೆ ಅಲೆಕ್ ಗಿನ್ನೆಸ್ ಇದ್ದರು. ಜನ ಮೆಚ್ಚಿದರು. ಆದರೆ ಈ ಪಾತ್ರದ ಬಗ್ಗೆ ರಂಗದವರಲ್ಲಿ ಒಂದು ಮಾತಿದೆ: ಆಡೋ ಶಕ್ತಿ ಇದ್ದಾಗ ವಯಸ್ಸಾಗಿರಲ್ಲ, ವಯಸ್ಸಾದಾಗ ಶಕ್ತಿ ಇರಲ್ಲ. ಕೊನೆಗೆ ಮಗಳ ಹೆಣ ಎತ್ತಿಕೊಂಡು ಬರಬೇಕಲ್ಲ, ಅದಕ್ಕೇ ಲಿಯರ್ ಆಗೋನು ಮೊದಲು ಹಗುರಾದ ಕೊರ್ಡೀಲಿಯಾ ಹುಡುಕಬೇಕು ಅಂತ ತಮಾಷೆಯೂ ಇದೆ.

1948ರಲ್ಲಿ ಒಲಿವಿಯರ್ ತಂಡ ಕಟ್ಟಿಕೊಂಡು ಆಸ್ಟ್ರೇಲಿಯಾ ಸುತ್ತುತ್ತಿದ್ದರು. ಅದೇ ಹೊತ್ತಲ್ಲಿ ಓಲ್ಡ್ ವಿಕ್ ಆಡಳಿತ ಮಂಡಳಿ ಅವರನ್ನ ಕೆಲಸದಿಂದ ತೆಗೆಯೋ ತೀರ್ಮಾನ ಮಾಡಿತು. ಕಂಪನಿಗೆ ಹೆಸರು ತಂದುಕೊಟ್ಟು, ಅದರದ್ದೇ ಕೆಲಸದ ಮೇಲೆ ದೂರದ ದೇಶದಲ್ಲಿದ್ದಾಗ ಕಾಗದದಲ್ಲಿ ಸುದ್ದಿ ಬಂತು. ಬದುಕಲ್ಲಿ ಇಂಥದ್ದು ಇದೇ ಕೊನೆ ಆಗಿರಲಿಲ್ಲ.

ಸಣ್ಣ ಪೆಟ್ಟಿಗೆ, ದೊಡ್ಡ ಜನ

1950ರ ದಶಕದಲ್ಲಿ ಟೀವಿ ಮನೆಮನೆಗೆ ಬಂತು. ದೊಡ್ಡ ನಟರು ಅದನ್ನ ಸಣ್ಣದಾಗಿ ನೋಡ್ತಿದ್ದ ಕಾಲ. ಆದರೆ ಜನ ಎಲ್ಲಿದ್ದಾರೋ ಅಲ್ಲಿಗೆ ನಾಟಕ ಹೋಗಲೇಬೇಕಾಗಿತ್ತು. 1953ರಲ್ಲೇ ಅಮೆರಿಕದ ಟೀವಿಯಲ್ಲಿ ಪೀಟರ್ ಬ್ರೂಕ್ ನಿರ್ದೇಶನದಲ್ಲಿ ಆರ್ಸನ್ ವೆಲ್ಸ್ ಲಿಯರ್ ಆಗಿ ಬಂದಿದ್ದರು. ಸಮಯ ಸಾಲದು ಅಂತ ನಾಟಕವನ್ನ ಸುಮಾರು ಒಂದೂಕಾಲು ಗಂಟೆಗೆ ಇಳಿಸಿ, ಗ್ಲಾಸ್ಟರ್ ಅನ್ನೋ ಸರದಾರ ಮತ್ತು ಅವನ ಇಬ್ಬರು ಮಕ್ಕಳ ಉಪಕಥೆಯನ್ನೇ ಕಿತ್ತುಹಾಕಿದ್ದರು.

ಒಲಿವಿಯರ್ ನಿರ್ದೇಶಿಸಿ ನಟಿಸಿದ ರಿಚರ್ಡ್ 3 ಚಿತ್ರದ್ದು ಇನ್ನೊಂದು ಕಥೆ. 1956ರ ಮಾರ್ಚ್ 11ರಂದು ಅಮೆರಿಕದಲ್ಲಿ ಆ ಚಿತ್ರ ಥಿಯೇಟರಿಗೆ ಬಂತು, ಅದೇ ದಿನ ಎನ್‌ಬಿಸಿ ಟೀವಿಯಲ್ಲೂ ಬಂತು. ಈಗ ಓಟಿಟಿ ಕಾಲದಲ್ಲಿ ಇದು ದೊಡ್ಡ ವಿಷಯ ಅಲ್ಲ. ಆಗ ಅದು ಹುಚ್ಚು ಸಾಹಸ. ಲಕ್ಷಾಂತರ ಮನೆಗಳಲ್ಲಿ ಜನ ಕೂತು ನೋಡಿದರು, ಥಿಯೇಟರಿನ ಗಲ್ಲಾಪೆಟ್ಟಿಗೆಗೆ ಮಾತ್ರ ಏಟು ಬಿತ್ತು. ಅವರು ಮಾಡಬೇಕು ಅಂದುಕೊಂಡಿದ್ದ ಮ್ಯಾಕ್‌ಬೆತ್ ಚಿತ್ರಕ್ಕೆ ಆಮೇಲೆ ದುಡ್ಡು ಹಾಕೋರೇ ಸಿಗಲಿಲ್ಲ. ಆ ಕನಸು ಅಲ್ಲಿಗೇ ನಿಂತುಹೋಯಿತು.

1958ರಲ್ಲಿ ಇಬ್ಸೆನ್ ಬರೆದ ಜಾನ್ ಗೇಬ್ರಿಯಲ್ ಬೋರ್ಕ್‌ಮನ್ ನಾಟಕದ ಮೂಲಕ ಒಲಿವಿಯರ್ ಬ್ರಿಟಿಷ್ ಟೀವಿಗೆ ಕಾಲಿಟ್ಟರು. ಮರುವರ್ಷ ಅಮೆರಿಕದ ಟೀವಿಗೆ ಮಾಡಿದ ದಿ ಮೂನ್ ಅಂಡ್ ಸಿಕ್ಸ್‌ಪೆನ್ಸ್ ಅವರಿಗೆ ಮೊದಲ ಎಮಿ ಪ್ರಶಸ್ತಿ ತಂದಿತು.

ಮನೆ ಕಡೆ ಪರಿಸ್ಥಿತಿ ಹದಗೆಟ್ಟಿತ್ತು. ವಿವಿಯನ್ ಲೀಗೆ ಮನೋರೋಗ ಕಾಡ್ತಿತ್ತು. 1960ರಲ್ಲಿ ವಿಚ್ಛೇದನ ಆಯಿತು. 1961ರಲ್ಲಿ ನಟಿ ಜೋನ್ ಪ್ಲೋರೈಟ್ ಜೊತೆ ಮೂರನೇ ಮದುವೆ. ರಿಚರ್ಡ್, ಟ್ಯಾಮ್ಸಿನ್, ಜೂಲಿ ಕೇಟ್ ಅಂತ ಮೂರು ಮಕ್ಕಳಾದರು. ಕೊನೆಯವಳು ಹುಟ್ಟುವಾಗ ಅಪ್ಪನಿಗೆ 59 ವರ್ಷ ಹತ್ತಿರ. ಈ ಲೆಕ್ಕ ಮುಂದೆ ಬಹಳ ಮುಖ್ಯ ಆಗುತ್ತೆ.

ಕಟ್ಟಿದ ಮನೆ ಬಿಟ್ಟುಕೊಟ್ಟಿದ್ದು

ಇಂಗ್ಲೆಂಡಿಗೆ ಒಂದು ರಾಷ್ಟ್ರೀಯ ನಾಟಕ ಸಂಸ್ಥೆ ಬೇಕು ಅನ್ನೋ ಮಾತು ನೂರು ವರ್ಷಕ್ಕೂ ಹೆಚ್ಚು ಕಾಲ ಬರೀ ಮಾತಾಗೇ ಇತ್ತು. ಅದನ್ನ ನಿಜವಾಗಿ ನಡೆಸಿ ತೋರಿಸಿದ ಮೊದಲ ನಿರ್ದೇಶಕ ಒಲಿವಿಯರ್. ಸ್ವಂತ ಕಟ್ಟಡ ಇರಲಿಲ್ಲ. ಓಲ್ಡ್ ವಿಕ್ ಥಿಯೇಟರನ್ನೇ ಬಳಸಿಕೊಂಡು, 1963ರ ಅಕ್ಟೋಬರ್ 22ರಂದು ಹ್ಯಾಮ್ಲೆಟ್ ನಾಟಕದೊಂದಿಗೆ ನ್ಯಾಷನಲ್ ಥಿಯೇಟರ್ ಶುರುವಾಯಿತು. ನಾಯಕ ಪೀಟರ್ ಓಟೂಲ್. ತಾತ್ಕಾಲಿಕ ಶೆಡ್ಡುಗಳಲ್ಲಿ ಆಫೀಸು. ನಾಟಕ ಆರಿಸೋದು, ನಟರನ್ನ ಹುಡುಕೋದು, ಖರ್ಚಿನ ಲೆಕ್ಕ, ಕಟ್ಟಡದ ಮೀಟಿಂಗು, ಸಂಜೆ ಬಣ್ಣ ಹಚ್ಚೋದು, ಎಲ್ಲಾ ಅವರೇ.

1964ರಲ್ಲಿ ಒಥೆಲೋ ಮಾಡಿದರು. ಆ ಪಾತ್ರಕ್ಕೆ ದನಿಯನ್ನೇ ತಗ್ಗಿಸಿಕೊಳ್ಳೋಕೆ ತಿಂಗಳುಗಟ್ಟಲೆ ಅಭ್ಯಾಸ ಮಾಡಿದ್ದರು. ಆ ಕಾಲದವರು ಬೆರಗಾಗಿ ನೋಡಿದರು. ಬಿಳಿಯ ನಟ ಮೈಗೆ ಕಪ್ಪು ಬಳಿದುಕೊಂಡು ಮಾಡಿದ್ದು ತಪ್ಪು ಅಂತ ಈಗಿನವರು ಟೀಕಿಸ್ತಾರೆ.

ಅದೇ ಸಮಯಕ್ಕೆ ಯಾರೂ ಊಹಿಸದ ಒಂದು ಕಾಯಿಲೆ ಅಂಟಿಕೊಂಡಿತು. ಸಭಾಕಂಪನ. ನಲವತ್ತು ವರ್ಷ ರಂಗದ ಮೇಲೆ ಹುಲಿಯಂತೆ ಓಡಾಡಿದ ಮನುಷ್ಯನಿಗೆ ರಂಗಕ್ಕೆ ಕಾಲಿಡೋಕೆ ಭಯ. ಮಾತು ಮರೆತುಹೋದೀತು ಅಂತ ಬೆವರು. ಒಥೆಲೋ ಆಡುವಾಗ ಇಯಾಗೋ ಪಾತ್ರದ ಫ್ರಾಂಕ್ ಫಿನ್ಲೆಯನ್ನ, ಪಕ್ಕದ ಪರದೆ ಹಿಂದೆ ನನಗೆ ಕಾಣೋ ಹಾಗೆ ನಿಂತಿರು ಅಂತ ಕೇಳಿಕೊಳ್ಳೋರು. ಶೈಲಾಕ್ ಪಾತ್ರ ಮಾಡುವಾಗ ಎದುರಿನ ನಟರಿಗೆ ನನ್ನ ಕಣ್ಣನ್ನ ದಿಟ್ಟಿಸಬೇಡಿ ಅಂತ ಬೇಡಿಕೊಂಡಿದ್ದರು. ಇದು ಸುಮಾರು ಐದು ವರ್ಷ ಕಾಡಿತು. ಆದರೂ ಒಂದು ದಿನವೂ ಅಂಗಡಿ ಮುಚ್ಚಲಿಲ್ಲ ಅನ್ನೋ ಹಾಗೆ ಆಡ್ತಾನೇ ಹೋದರು.

1967ರಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್. ಚಿಕಿತ್ಸೆ ನಡುವೆ ನ್ಯುಮೋನಿಯಾ. ಅದೇ ವರ್ಷ ಜುಲೈನಲ್ಲಿ ವಿವಿಯನ್ ಲೀ ತೀರಿಕೊಂಡರು. ಆಸ್ಪತ್ರೆಯಲ್ಲಿದ್ದ ಒಲಿವಿಯರ್ ಎದ್ದು ಅವರ ಮನೆಗೆ ಹೋದರು. 1970ರಲ್ಲಿ ರಕ್ತ ಹೆಪ್ಪುಗಟ್ಟಿ ಮತ್ತೆ ಹಾಸಿಗೆ. ಅದೇ ವರ್ಷ ಲಾರ್ಡ್ ಪದವಿ ಬಂತು. ನಟನೊಬ್ಬನಿಗೆ ಆ ಪದವಿ ಸಿಕ್ಕಿದ್ದು ಅದೇ ಮೊದಲು.

ಇಷ್ಟರಲ್ಲಿ ಥೇಮ್ಸ್ ನದಿ ದಂಡೆಯಲ್ಲಿ ನ್ಯಾಷನಲ್ ಥಿಯೇಟರಿನ ಹೊಸ ಕಟ್ಟಡ ಏಳ್ತಾ ಇತ್ತು. ಆದರೆ ಆಡಳಿತ ಮಂಡಳಿ ಒಳಗೊಳಗೇ ಪೀಟರ್ ಹಾಲ್ ಅವರನ್ನ ಮುಂದಿನ ನಿರ್ದೇಶಕ ಅಂತ ಮಾತಾಡಿಕೊಂಡಾಗಿತ್ತು. ಒಲಿವಿಯರ್‌ಗೆ ತಿಳಿದಿದ್ದು ಆಮೇಲೆ. ಯಾರಿಗೆ ಕೊಡಬೇಕು ಅನ್ನೋದರಲ್ಲಿ ತನ್ನ ಮಾತಿಗೆ ಬೆಲೆ ಇಲ್ಲವಾಯಿತಲ್ಲ ಅನ್ನೋ ನೋವು ಅವರನ್ನ ಬಿಡಲಿಲ್ಲ. 1973ರಲ್ಲಿ ಜಾಗ ಬಿಟ್ಟುಕೊಟ್ಟರು. ಹತ್ತು ವರ್ಷ ಶೆಡ್ಡಲ್ಲಿ ಕೂತು ಕಟ್ಟಿದ ಮನೆಗೆ ಗೃಹಪ್ರವೇಶ ಆಗುವಾಗ ಯಜಮಾನಿಕೆ ಬೇರೆಯವರದ್ದು.

ದೀಪ ಆರಿಸೋ ಜಿಪುಣ ಅಪ್ಪ

ಹೋಗೋ ಮುಂಚೆ ಒಂದು ಒಳ್ಳೆ ಕೆಲಸ ಆಗಿತ್ತು. ಯುಜೀನ್ ಓನೀಲ್ ಬರೆದ ಲಾಂಗ್ ಡೇಸ್ ಜರ್ನಿ ಇಂಟು ನೈಟ್ ನಾಟಕವನ್ನ 1971ರಲ್ಲಿ ಮೈಕೆಲ್ ಬ್ಲೇಕ್‌ಮೋರ್ ನಿರ್ದೇಶಿಸಿದ್ದರು. ಒಂದೇ ಮನೆ, ಒಂದೇ ದಿನ, ನಾಲ್ಕು ಜನ. ಅಪ್ಪ ಜೇಮ್ಸ್ ಟೈರೋನ್ ಹಳೇ ನಟ, ಮಹಾ ಜಿಪುಣ. ಅಮ್ಮ ಮಾರ್ಫಿನ್ ಚಟಕ್ಕೆ ಬಿದ್ದವಳು. ದೊಡ್ಡ ಮಗ ಕುಡುಕ, ಚಿಕ್ಕವನಿಗೆ ಕ್ಷಯ. ಕರೆಂಟ್ ಬಿಲ್ ಬರುತ್ತೆ ಅಂತ ಅಪ್ಪ ಮೇಜು ಹತ್ತಿ ಬಲ್ಬ್ ಬಿಚ್ಚೋ ಸೀನು ಇದೆ. ಪಾದ್ರಿ ಅಪ್ಪನ ಬಿಗಿ ಕೈ ನೋಡಿ ಬೆಳೆದ ಒಲಿವಿಯರ್‌ಗೆ ಈ ಪಾತ್ರ ಹೇಳಿಕೊಡಬೇಕಾಗಿರಲಿಲ್ಲ.

1973ರಲ್ಲಿ ಅದನ್ನ ಟೀವಿಗೆ ಮಾಡಿದರು. ಅಪ್ಪನಾಗಿ ಒಲಿವಿಯರ್, ಅಮ್ಮನಾಗಿ ಕಾನ್ಸ್ಟನ್ಸ್ ಕಮ್ಮಿಂಗ್ಸ್. ಇಲ್ಲಿ ಒಂದು ವಿಷಯ ಎದ್ದು ಕಂಡಿತು. ಕೆಲವು ದುರಂತ ನಾಟಕಗಳು ಟೀವಿಗೇ ಹೇಳಿ ಮಾಡಿಸಿದಂತಿರುತ್ತವೆ. ನಡುಮನೆಯಲ್ಲಿ ನಡೆಯೋ ಜಗಳವನ್ನ ಜನ ತಮ್ಮ ನಡುಮನೆಯಲ್ಲೇ ಕೂತು ನೋಡ್ತಾರೆ. ರಂಗದಲ್ಲಿ ಹಿಂದಿನ ಸಾಲಿಗೆ ಕಾಣದ ಕಣ್ಣಂಚಿನ ನೀರು ಇಲ್ಲಿ ಎಲ್ಲರಿಗೂ ಕಾಣುತ್ತೆ. ಈ ಪಾತ್ರಕ್ಕೆ ಒಲಿವಿಯರ್‌ಗೆ ಮತ್ತೊಂದು ಎಮಿ ಬಂತು.

1974ರ ಮಾರ್ಚ್ 21 ಅವರು ರಂಗದ ಮೇಲೆ ನಟಿಸಿದ ಕೊನೆಯ ದಿನ. ನಾಟಕ ಟ್ರೆವರ್ ಗ್ರಿಫಿತ್ಸ್ ಬರೆದ ದಿ ಪಾರ್ಟಿ. ಅದರಲ್ಲಿ ಒಬ್ಬರೇ ಇಪ್ಪತ್ತು ನಿಮಿಷದಷ್ಟು ಮಾತಾಡಬೇಕಿತ್ತು. ಮಾತು ಮರೆಯೋ ಭಯದವರು ಅದನ್ನೂ ಒಪ್ಪಿಸಿಬಿಟ್ಟರು.

ಮೈ ಬಿಟ್ಟುಕೊಟ್ಟಿತು, ಮನೆ ಖರ್ಚು ಬಿಡಲಿಲ್ಲ

ಅದೇ ವರ್ಷದ ಕೊನೆಗೆ ಡರ್ಮಟೊಮಯೊಸೈಟಿಸ್ ಅನ್ನೋ ಅಪರೂಪದ ಕಾಯಿಲೆ ಬಂತು. ಚರ್ಮ ಮತ್ತು ಸ್ನಾಯು ಎರಡನ್ನೂ ತಿನ್ನೋ ಕಾಯಿಲೆ. ತಿಂಗಳುಗಟ್ಟಲೆ ಆಸ್ಪತ್ರೆ. ಒಥೆಲೋ ಪಾತ್ರಕ್ಕಾಗಿ ವ್ಯಾಯಾಮ ಮಾಡಿ ಹುರಿಗೊಳಿಸಿದ ಮೈ ಕಡ್ಡಿಯಾಯಿತು. ಬದುಕಿ ಬಂದರು, ಆದರೆ ರಾತ್ರಿ ರಾತ್ರಿ ರಂಗದ ಮೇಲೆ ಮೂರು ಗಂಟೆ ನಿಲ್ಲೋ ಕಸುವು ವಾಪಸ್ ಬರಲಿಲ್ಲ.

ಮನೇಲಿ ನೋಡಿದರೆ ಇನ್ನೂ ಶಾಲೆಗೆ ಹೋಗೋ ಮೂರು ಮಕ್ಕಳು. ತಾನು ಹೋದಮೇಲೆ ಇವರ ಗತಿ ಏನು ಅನ್ನೋ ಚಿಂತೆ. ರಂಗಭೂಮಿಯಲ್ಲಿ ಹೆಸರಿತ್ತು, ಕೂಡಿಟ್ಟ ದುಡ್ಡು ಅಷ್ಟಿರಲಿಲ್ಲ. ಹಾಗಾಗಿ ಬಂದ ಸಿನಿಮಾ ಎಲ್ಲಾ ಒಪ್ಪಿಕೊಂಡರು. 1976ರ ಮ್ಯಾರಥಾನ್ ಮ್ಯಾನ್ ಥರದ ಒಳ್ಳೆಯವೂ ಇದ್ದವು. ದುಡ್ಡಿಗೆ ಮಾತ್ರ ಮಾಡಿದ್ದು ಅಂತ ಅವರೇ ಮುಚ್ಚುಮರೆ ಇಲ್ಲದೆ ಒಪ್ಪಿಕೊಂಡ ಕಳಪೆ ಚಿತ್ರಗಳೂ ಇದ್ದವು. ಅದಕ್ಕೂ ಮುಂಚೆ 1972ರಲ್ಲಿ ಪೊಲರಾಯ್ಡ್ ಕ್ಯಾಮೆರಾದ ಟೀವಿ ಜಾಹೀರಾತಿನಲ್ಲೂ ಕಾಣಿಸಿಕೊಂಡಿದ್ದರು. ಷರತ್ತು ಒಂದೇ: ಅದು ಬ್ರಿಟನ್ನಿನಲ್ಲಿ ಬರಬಾರದು. ಇಷ್ಟು ದೊಡ್ಡ ನಟ ಹೀಗೆ ಮಾಡಬಹುದಾ ಅಂತ ಮೂಗು ಮುರಿದವರಿದ್ದರು. ಮಕ್ಕಳ ಫೀಸು ಕಟ್ಟೋ ತಂದೆಗೆ ಆ ಪ್ರಶ್ನೆ ಕೇಳಿಸಲ್ಲ.

1976ರ ಅಕ್ಟೋಬರ್ 25ರಂದು ಮಹಾರಾಣಿ ಬಂದು ನ್ಯಾಷನಲ್ ಥಿಯೇಟರಿನ ಹೊಸ ಕಟ್ಟಡ ಉದ್ಘಾಟನೆ ಮಾಡಿದರು. ಅದರ ದೊಡ್ಡ ರಂಗಮಂದಿರಕ್ಕೆ ಒಲಿವಿಯರ್ ಅಂತಲೇ ಹೆಸರು. ಅವರು ಅವತ್ತು ವೇದಿಕೆ ಮೇಲೆ ಸ್ವಾಗತ ಭಾಷಣ ಮಾಡಿದರು. ತಮ್ಮ ಹೆಸರಿನ ಆ ರಂಗದ ಮೇಲೆ ಅವರು ನಿಂತಿದ್ದು ಅದೊಂದೇ ಸಲ. ಅಲ್ಲಿ ಒಂದು ಪಾತ್ರವನ್ನೂ ಅವರು ಆಡಲಿಲ್ಲ.

ಬಿರುಗಾಳಿಯನ್ನು ಸ್ಟುಡಿಯೋ ಒಳಗೆ ತಂದಿದ್ದು

ರಂಗ ಕೈತಪ್ಪಿದವರಿಗೆ ಆಸರೆಯಾಗಿದ್ದು ಮ್ಯಾಂಚೆಸ್ಟರಿನ ಗ್ರಾನಡಾ ಟೆಲಿವಿಷನ್. ಅಲ್ಲಿನ ಮುಖ್ಯಸ್ಥರಲ್ಲಿ ಒಬ್ಬರಾದ ಡೇವಿಡ್ ಪ್ಲೋರೈಟ್, ಜೋನ್ ಅವರ ತಮ್ಮ, ಅಂದರೆ ಒಲಿವಿಯರ್ ಅವರ ಭಾಮೈದ. 1976ರಿಂದ 1978ರ ನಡುವೆ ಲಾರೆನ್ಸ್ ಒಲಿವಿಯರ್ ಪ್ರೆಸೆಂಟ್ಸ್ ಅನ್ನೋ ಸರಣಿಯಲ್ಲಿ ಹೆಸರಾಂತ ನಾಟಕಗಳನ್ನ ಟೀವಿಗೆ ತಂದರು. ಆಮೇಲೆ ಬಂತು ಲಿಯರ್.

ನಿರ್ದೇಶಕ ಮೈಕೆಲ್ ಎಲಿಯಟ್. ಮ್ಯಾಂಚೆಸ್ಟರಿನ ರಾಯಲ್ ಎಕ್ಸ್‌ಚೇಂಜ್ ಥಿಯೇಟರ್ ಕಟ್ಟಿದವರಲ್ಲಿ ಒಬ್ಬರು. ಅವರಿಗೂ ಕಿಡ್ನಿ ಕಾಯಿಲೆ. ಅಂದರೆ ಹೇಳೋನೂ ರೋಗಿ, ಆಡೋನೂ ರೋಗಿ. ಚಿತ್ರೀಕರಣ ಪೂರ್ತಿ ಸ್ಟುಡಿಯೋ ಒಳಗೇ. ಹಳೇ ಕಾಲದ ಬ್ರಿಟನ್ ಅನ್ನಿಸಲಿ ಅಂತ ಸ್ಟೋನ್‌ಹೆಂಜ್ ಥರದ ದೊಡ್ಡ ದೊಡ್ಡ ಕಲ್ಲುಗಳ ಸೆಟ್ ಹಾಕಿದರು. ರಾಜ್ಯ ಹಂಚೋದೂ ಆ ಕಲ್ಲುಗಳ ನಡುವೆ, ಕೊನೆಗೆ ಸಾಯೋದೂ ಅಲ್ಲೇ.

ಜೊತೆಗೆ ನಿಂತ ನಟವರ್ಗ ದೊಡ್ಡದು. ಗಾನೆರಿಲ್ ಆಗಿ ಡೊರೊಥಿ ಟ್ಯೂಟಿನ್, ರೀಗನ್ ಆಗಿ ಡಯಾನಾ ರಿಗ್, ಕೊರ್ಡೀಲಿಯಾ ಆಗಿ ಅನ್ನಾ ಕಾಲ್ಡರ್ ಮಾರ್ಷಲ್, ವಿದೂಷಕನಾಗಿ ಜಾನ್ ಹರ್ಟ್, ಗ್ಲಾಸ್ಟರ್ ಆಗಿ ಲಿಯೋ ಮೆಕರ್ನ್, ನಿಷ್ಠಾವಂತ ಕೆಂಟ್ ಆಗಿ ಕಾಲಿನ್ ಬ್ಲೇಕ್ಲಿ. ಇವರಲ್ಲಿ ಎಷ್ಟೋ ಜನ ಒಲಿವಿಯರ್ ಅಂದ್ರೆ ಗುರು ಅಂತ ಭಾವಿಸಿದ ಪೀಳಿಗೆಯವರು.

ಲಿಯರ್ ನಾಟಕವನ್ನ ಟೀವಿಗೆ ಇಳಿಸೋದು ಸುಲಭದ ಮಾತಲ್ಲ. ಮೊದಲನೇ ತೊಂದರೆ ಉದ್ದ. ಪೂರ್ತಿ ಆಡಿದರೆ ಮೂರು ಗಂಟೆ ಮೀರುತ್ತೆ. ಇವರು ಮಾತು ಕತ್ತರಿಸಿ ಎರಡೂವರೆ ಗಂಟೆ ಚಿಲ್ಲರೆಗೆ ತಂದರು. ಆದರೆ 1953ರಲ್ಲಿ ಮಾಡಿದ ಹಾಗೆ ಗ್ಲಾಸ್ಟರ್ ಕಥೆ ಕಿತ್ತುಹಾಕಲಿಲ್ಲ. ಮಗನ ಸುಳ್ಳು ನಂಬಿ ಕಣ್ಣು ಕಳಕೊಳ್ಳೋ ಗ್ಲಾಸ್ಟರ್ ಪಕ್ಕದಲ್ಲಿದ್ದರೇನೇ ಲಿಯರ್ ದುಃಖ ಒಬ್ಬನ ಹಣೆಬರಹ ಅಲ್ಲ, ಮನೆಮನೆ ಕಥೆ ಅಂತ ಗೊತ್ತಾಗೋದು.

ಎರಡನೇ ತೊಂದರೆ ಬಿರುಗಾಳಿ. ರಂಗದಲ್ಲಿ ಮಳೆ ಗಾಳಿ ಎಲ್ಲಾ ನಟನ ಗಂಟಲಲ್ಲೇ ಇರಬೇಕು. ಟೀವಿಯಲ್ಲಿ ನೀರನ್ನೇ ಸುರಿಸಬಹುದು, ಫ್ಯಾನ್ ಹಾಕಿ ಗಾಳಿ ಎಬ್ಬಿಸಬಹುದು. ಆದರೆ ಆ ಸದ್ದಲ್ಲಿ ಮಾತು ಮುಳುಗಿಹೋದರೆ ನಾಟಕವೇ ಹೋಯಿತು. ಮೇಲಾಗಿ 1946ರಲ್ಲಿ ಇದ್ದ ಗಂಟಲು ಈಗ ಇಲ್ಲ. ಒಲಿವಿಯರ್ ಅದನ್ನ ಮುಚ್ಚಿಡೋಕೆ ಹೋಗಲಿಲ್ಲ. ಬಿರುಗಾಳಿಗೆ ಸವಾಲು ಹಾಕೋ ರಾಜನ ಬದಲು, ಬಿರುಗಾಳಿಗೆ ಸಿಕ್ಕ ಒಬ್ಬ ಬಡಕಲು ಮುದುಕ ಕಾಣಿಸಿದ. ಗುಡುಗಿನ ಮುಂದೆ ಅವನ ದನಿ ಒಡೆಯುತ್ತೆ. ಆ ಒಡಕೇ ಪಾತ್ರಕ್ಕೆ ಸತ್ಯ ತಂದಿತು.

ಮೂರನೇದು ಹತ್ತಿರ. ಕ್ಯಾಮೆರಾ ಮುಖದ ಪಕ್ಕದಲ್ಲೇ ಇರುತ್ತೆ. ನೂರು, ಐವತ್ತು, ಇಪ್ಪತ್ತೈದು ಅಂತ ಮಕ್ಕಳು ಇಳಿಸ್ತಾ ಹೋಗುವಾಗ, ಸಂತೆಯಲ್ಲಿ ಚೌಕಾಸಿ ಮಾಡಿದ ಹಾಗೆ ಅಪ್ಪನ ಮಾನ ಇಳೀತಾ ಹೋಗುತ್ತೆ. ಹುಚ್ಚು ಹಿಡಿದಮೇಲೆ ಹೂವು ಮುಡಿದು ಒಬ್ಬನೇ ಅಲೆಯೋ ಮುದುಕ ಮೊಲ ಹಿಡಿದು ಹಸಿಹಸಿಯಾಗಿ ತಿನ್ನೋ ದೃಶ್ಯ ಇದೆ. ಇಂಥದ್ದು ದೂರದ ರಂಗದ ಮೇಲೆ ನಡೆಯಲ್ಲ, ಕ್ಯಾಮೆರಾಗೆ ಮಾತ್ರ ಸಾಧ್ಯ. ಮಗಳು ವಾಪಸ್ ಬಂದಾಗ ಗುರುತು ಸಿಗದೆ ತಡವರಿಸೋ ಸೀನಂತೂ ಪಿಸುಮಾತಿನಲ್ಲೇ ಮುಗಿಯುತ್ತೆ. 1935ರಲ್ಲಿ ಪದ್ಯವನ್ನ ಮಾತಿನ ಹಾಗೆ ಹೇಳ್ತಾನೆ ಅಂತ ಬೈಸಿಕೊಂಡ ನಟನಿಗೆ ಆ ಹಟ ಈಗ ಉಪಯೋಗಕ್ಕೆ ಬಂತು.

ಇನ್ನೊಂದು ಅನುಕೂಲ ಇತ್ತು. ರಂಗದ ಮೇಲಾದರೆ ಒಂದೇ ಉಸಿರಿಗೆ ಪೂರ್ತಿ ಆಡಬೇಕು. ಇಲ್ಲಿ ತುಣುಕು ತುಣುಕಾಗಿ ತೆಗೆಯಬಹುದು, ನಡುವೆ ಕೂರಬಹುದು. ಟೀವಿ ಇಲ್ಲದಿದ್ದರೆ 75ರ ಒಲಿವಿಯರ್ ಲಿಯರ್ ಆಗೋಕೆ ಸಾಧ್ಯವೇ ಇರಲಿಲ್ಲ. ಶಕ್ತಿ ಇದ್ದಾಗ ವಯಸ್ಸಿಲ್ಲ, ವಯಸ್ಸಾದಾಗ ಶಕ್ತಿ ಇಲ್ಲ ಅನ್ನೋ ರಂಗದವರ ಒಗಟನ್ನ ಸಣ್ಣ ಪೆಟ್ಟಿಗೆ ಬಿಡಿಸಿತು.

1983ರಲ್ಲಿ ಬ್ರಿಟನ್ನಿನಲ್ಲಿ ಪ್ರಸಾರವಾಯಿತು, 1984ರಲ್ಲಿ ಅಮೆರಿಕದಲ್ಲಿ. ಹಿಂದಿನ ವರ್ಷವೇ ಬಿಬಿಸಿ ತನ್ನ ಶೇಕ್ಸ್‌ಪಿಯರ್ ಸರಣಿಯಲ್ಲಿ ಮೈಕೆಲ್ ಹಾರ್ಡರ್ನ್ ಅವರನ್ನ ಹಾಕಿಕೊಂಡು ಲಿಯರ್ ಮಾಡಿತ್ತು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದವರು ಇದ್ದರು. ಸೆಟ್ ಹಳೇ ಥರ ಆಯಿತು, ಒಲಿವಿಯರ್ ಕರುಣೆ ಜಾಸ್ತಿ ಸಿಟ್ಟು ಕಮ್ಮಿ ಮಾಡಿದರು ಅನ್ನೋ ಟೀಕೆಯೂ ಬಂತು. ಆದರೂ ಈ ಪಾತ್ರಕ್ಕೆ ಅವರಿಗೆ ಐದನೇ ಎಮಿ ಸಿಕ್ಕಿತು. ನಿರ್ದೇಶಕ ಎಲಿಯಟ್ 1984ರಲ್ಲೇ ತೀರಿಕೊಂಡರು.

ಸುಖಾಂತ್ಯ ಬೇಕು ಅಂದವರು

ಅಂದಹಾಗೆ, ಈ ಕಥೆಯ ಕೊನೆಯನ್ನ ಜನ ಯಾವತ್ತೂ ಸುಲಭವಾಗಿ ಒಪ್ಪಿಕೊಂಡವರಲ್ಲ. 1681ರಲ್ಲಿ ನೇಹಮ್ ಟೇಟ್ ಅನ್ನೋರು ಲಿಯರ್ ಬದುಕುಳಿದು ರಾಜ್ಯ ವಾಪಸ್ ಪಡೆಯೋ ಹಾಗೆ, ಕೊರ್ಡೀಲಿಯಾಗೆ ಮದುವೆ ಆಗೋ ಹಾಗೆ ತಿದ್ದಿ ಬರೆದರು. ಅದರಲ್ಲಿ ವಿದೂಷಕನೇ ಇಲ್ಲ. ಸುಮಾರು ನೂರೈವತ್ತು ವರ್ಷ ಇಂಗ್ಲೆಂಡಿನ ಜನ ಆ ಸುಖಾಂತ್ಯವನ್ನೇ ನೋಡಿದರು. 1838ರಲ್ಲಿ ನಟ ಮೆಕ್ರೆಡಿ ವಿದೂಷಕನನ್ನೂ ಸೇರಿಸಿ ಶೇಕ್ಸ್‌ಪಿಯರ್ ಬರೆದ ಹಾಗೇ ರಂಗಕ್ಕೆ ತಂದರು. ಮನೆಮಂದಿ ಒಟ್ಟಿಗೆ ಕೂತು ನೋಡೋ ಟೀವಿಗೆ ಬರುವಾಗಲೂ ಆ ಸಾವನ್ನ ಮೆತ್ತಗೆ ಮಾಡಬಹುದಿತ್ತು. ಒಲಿವಿಯರ್ ತಂಡ ಮಾಡಲಿಲ್ಲ.

ಕೊನೆಯ ದಿನಗಳು

ಲಿಯರ್ ಆದಮೇಲೂ ಸಣ್ಣಪುಟ್ಟ ಪಾತ್ರಗಳು ಬಂದವು. 1982ರಲ್ಲಿ ಆತ್ಮಕಥೆ, 1986ರಲ್ಲಿ ನಟನೆ ಬಗ್ಗೆ ಇನ್ನೊಂದು ಪುಸ್ತಕ ಪ್ರಕಟವಾದವು. ಆದರೆ ಅಷ್ಟು ದೊಡ್ಡ ಪಾತ್ರ ಮತ್ತೆ ಸಿಗಲಿಲ್ಲ, ಸಿಕ್ಕಿದ್ದರೂ ಮೈ ಕೇಳ್ತಿರಲಿಲ್ಲ. 1989ರ ಜುಲೈ 11ರಂದು ಸಸೆಕ್ಸ್ ಪ್ರಾಂತ್ಯದ ಸ್ಟೇನಿಂಗ್ ಬಳಿಯ ಮನೆಯಲ್ಲಿ, ಕಿಡ್ನಿ ಕೈಕೊಟ್ಟು ಒಲಿವಿಯರ್ ತೀರಿಕೊಂಡರು. ವಯಸ್ಸು 82. ಲಂಡನ್ನಿನ ವೆಸ್ಟ್‌ಮಿನ್ಸ್ಟರ್ ಅಬ್ಬೆಯಲ್ಲಿ, ದೇಶದ ದೊಡ್ಡ ಕವಿಗಳ ಸಾಲಿನಲ್ಲಿ 1991ರಲ್ಲಿ ಅವರ ಬೂದಿ ಇಡಲಾಯಿತು.

ಲಿಯರ್ ಪಾಡು ಅವರದ್ದಾಗಲಿಲ್ಲ. ಕೊನೆವರೆಗೂ ಜೋನ್ ಜೊತೆಗಿದ್ದರು, ಮಕ್ಕಳು ದೂರ ಮಾಡಲಿಲ್ಲ. ಯಾವ ಮಕ್ಕಳಿಗಾಗಿ ಮುದಿ ವಯಸ್ಸಲ್ಲಿ ಕಳಪೆ ಸಿನಿಮಾನೂ ಬಿಡದೆ ದುಡಿದರೋ ಆ ಮೂವರೂ ನಾಟಕ, ಸಿನಿಮಾ ಕೆಲಸಕ್ಕೇ ಬಂದರು. 1946ರಲ್ಲಿ ರಂಗದ ಮೇಲೆ ಅವರು ಆಡಿದ ಲಿಯರ್ ಆ ಟಿಕೆಟ್ ತಗೊಂಡವರ ಜೊತೆಗೇ ಹೋಯಿತು. ಟೀವಿಗೆ ಮಾಡಿದ್ದು ಮಾತ್ರ ಈಗಲೂ ಯಾರು ಬೇಕಾದರೂ ಹುಡುಕಿ ನೋಡೋ ಹಾಗೆ ಉಳಿದಿದೆ.